ಯಾವಾಗ ಹೊರಡ್ತೀರಿ ಎಂದು ಕೇಳದ ಮನೆ

ನಮ್ಮ ಮನೆಗೆ ಯಾರೇ ಬರಲಿ, ಅವರನ್ನು ಎರಡು ಮಾತು ಕೇಳುತ್ತಿದ್ದೆವು. ನೀರು ಬೇಕಾ? ಊಟ ಆಯ್ತಾ? ಮೂರನೆಯ ಮಾತೊಂದಿತ್ತು, ಅದನ್ನು ಮಾತ್ರ ಯಾರೂ ಬಾಯಿ ಬಿಟ್ಟು ಕೇಳುವಂತಿರಲಿಲ್ಲ. ಯಾವಾಗ ಹೊರಡ್ತೀರಿ ಎನ್ನುವುದು. ಹನ್ನೊಂದನೇ ವಯಸ್ಸಿನಲ್ಲಿ ನಾನು ಅದನ್ನು ಕೇಳಿದೆ. ಕೇಳಿದ್ದು ಸರಿಯೋ ತಪ್ಪೋ ಎಂದು ಇಷ್ಟು ವರ್ಷವೂ ನನ್ನೊಳಗೇ ಜಗಳವಾಡಿದ್ದೇನೆ. ಎರಡು ಕಡೆಗೂ ವಕೀಲಳು ನಾನೇ ಆದ್ದರಿಂದ ತೀರ್ಪು ಇನ್ನೂ ಬಂದಿಲ್ಲ. ಮನೆ ಇದ್ದದ್ದು ಕೊಯಮತ್ತೂರು ಸೀಮೆಯ ಕರುಮತ್ತಂಪಟ್ಟಿಯಿಂದ ಸ್ವಲ್ಪ ಆಚೆ, ಹಳೆಯ ರಸ್ತೆಯ ಪಕ್ಕದಲ್ಲಿ. ಊರೊಳಗೆ ಪವರ್‌ಲೂಮುಗಳ ಸದ್ದು, ಊರಾಚೆ ನಮ್ಮ ಹತ್ತಿ ಮತ್ತು ಜೋಳದ ಹೊಲ. ನಾವು ಬೇಸಾಯದ ಜನ. ಯಾವ ಕಾಲದಲ್ಲೋ ಘಟ್ಟ ಇಳಿದು ಬಂದವರಂತೆ. ಯಾರು, ಯಾವಾಗ ಎಂದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಅದು ಇಲ್ಲಿ ಬೇಡ. ಒಲೆಯ ಮುಂದೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಈ ಅಕ್ಷರಗಳನ್ನು ನಾನು ಕಲಿತದ್ದು ಮದುವೆಯಾಗಿ ಮೈಸೂರಿನ ಕಡೆ ಹೋದ ಮೇಲೆ. ಅಜ್ಜಿಗೆ, ಅಪ್ಪನಿಗೆ ಇದನ್ನು ಓದಲು ಬರುತ್ತಿರಲಿಲ್ಲ. ಅದಕ್ಕೇ ಇಷ್ಟು ಧೈರ್ಯವಾಗಿ ಬರೆಯುತ್ತಿದ್ದೇನೋ ಏನೋ.

ಊರವರು ನಮ್ಮದನ್ನು ದೊಡ್ಡ ತಿಣ್ಣೆ ಮನೆ ಎನ್ನುತ್ತಿದ್ದರು. ತಿಣ್ಣೆ ಎಂದರೆ ಮನೆಯ ಮುಂದಿನ ಜಗಲಿ. ನಮ್ಮದು ರಸ್ತೆಯ ಉದ್ದಕ್ಕೂ ಚಾಚಿಕೊಂಡಿತ್ತು, ಎಂಟು ಮರದ ಕಂಬ, ಬೇಸಗೆಯಲ್ಲೂ ತಣ್ಣಗಿರುವ ಗಾರೆಯ ನೆಲ. ಮಲಗುವವರ ತಲೆಗೆ ಆಸರೆಯಾಗಲಿ ಎಂದು ಅಲ್ಲಲ್ಲಿ ಗಾರೆಯಲ್ಲೇ ದಿಂಬಿನ ಹಾಗೆ ಎತ್ತರಿಸಿ ಕಟ್ಟಿದ್ದರು. ಲಾರಿಗಳು ಬರುವ ಮುಂಚೆ ಕೊಯಮತ್ತೂರಿಗೆ ಹತ್ತಿ ಹೊರುತ್ತಿದ್ದ ಗಾಡಿಯವರೆಲ್ಲ ಆ ದಿಂಬುಗಳ ಮೇಲೆ ತಲೆಯಿಟ್ಟು ಮಲಗಿದವರೇ. ಬಂದವರಿಗೆ ಒಂದು ಹಿತ್ತಾಳೆ ಚೊಂಬಿನಲ್ಲಿ ನೀರು. ಇರುವಷ್ಟು ದಿನ ಆ ಚೊಂಬು ಅವರದು. ಹೊರಡುವ ಬೆಳಿಗ್ಗೆ ಅವರೇ ಅದನ್ನು ಕಂಬದ ಬುಡದಲ್ಲಿ ಬೋರಲು ಇಡಬೇಕು. ಬಾಗಿಲ ಸಂದಿನಿಂದ ಬೋರಲು ಚೊಂಬು ಕಂಡರೆ ಒಳಗೆ ಬುತ್ತಿ ಕಟ್ಟುವ ಕೆಲಸ ಶುರುವಾಗುತ್ತಿತ್ತು. ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಒಂದು ಸಲ ಮನೆಯ ಕಿರಿಯನೊಬ್ಬ, ಎತ್ತಿನ ಕಾಲು ಉಳುಕಿ ಆರು ದಿನದಿಂದ ಕೂತಿದ್ದ ಗಾಡಿಯವನನ್ನು ಯಾವಾಗ ಹೊರಡ್ತೀಯಪ್ಪ ಎಂದು ಕೇಳಿಬಿಟ್ಟನಂತೆ. ಅವನು ಕುಂಟುವ ಎತ್ತನ್ನೇ ಹೂಡಿಕೊಂಡು ಹೊರಟ. ಗೊತ್ತಾದ ಹಿರಿಯಜ್ಜ ಪಲ್ಲಡದವರೆಗೆ ನಡೆದುಹೋಗಿ, ಕೈಮುಗಿದು ಅವನನ್ನು ವಾಪಸು ಕರೆತಂದು, ಇನ್ನೂ ನಾಲ್ಕು ದಿನ ಕೂರಿಸಿ, ಆ ಕಿರಿಯನ ಕೈಯಲ್ಲೇ ಬಡಿಸಿದನಂತೆ. ಅಜ್ಜಿ ಈ ಕತೆಯನ್ನು ತಾನೇ ಕಣ್ಣಾರೆ ಕಂಡವಳ ಹಾಗೆ ಹೇಳುತ್ತಿದ್ದಳು. ಅವಳು ಸೊಸೆಯಾಗಿ ಬರುವುದಕ್ಕೆ ಎಷ್ಟೋ ಮುಂಚಿನ ಮಾತು ಅದು.

ಈ ಮನೆಯನ್ನು ಗೆಸ್ಟ್ ಹೌಸ್ ಮಾಡಿದವರು ಚಿಕ್ಕಪ್ಪ. ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಮ್ಯಾನೇಜರ್ ಆಗಿದ್ದರು. ಎಂಬತ್ತರ ದಶಕದಲ್ಲಿ ತಿರುಪ್ಪೂರು ಹಾಲು ಉಕ್ಕಿದ ಹಾಗೆ ಉಕ್ಕುತ್ತಿತ್ತು. ಬೊಂಬಾಯಿ, ಕಲ್ಕತ್ತಾದಿಂದೆಲ್ಲ ಬನಿಯನ್ ಕೊಳ್ಳುವವರು, ಅವರ ಹಿಂದೆ ಒಬ್ಬೊಬ್ಬರಾಗಿ ಬಿಳಿಯರು. ಇಳಿದುಕೊಳ್ಳಲು ನೆಟ್ಟಗಿನ ಜಾಗ ಕಡಿಮೆ. ಕೊಯಮತ್ತೂರಿನ ಹೋಟೆಲ್ಲುಗಳು ದೂರ. ಒಂದು ಭಾನುವಾರ ಚಿಕ್ಕಪ್ಪ ಊಟದ ಮಣೆಯ ಮೇಲೆ ಕೂತೇ ಮಾತು ತೆಗೆದರು.

“ಅರಮನೆ ಮಾದರಿ ಮನೆ ಐತೆ. ಐದು ಜನಕ್ಕೆ ಹನ್ನೊಂದು ರೂಮು. ಬಾವಲಿ ಸಾಕ್ತಾ ಇದೀವಾ ಅಣ್ಣ?”

ಅಪ್ಪನಿಗೆ ಬೇಡ ಎನ್ನುವ ಶಬ್ದ ಬಾಯಿಗೆ ಬರುತ್ತಿರಲಿಲ್ಲ. ಯಾರ ಮುಂದೆಯೂ. ಅವರು ಮಜ್ಜಿಗೆ ಕುಡಿದು, ಅಜ್ಜಿಯ ಮುಖ ನೋಡಿದರು. ಅಜ್ಜಿ ಎರಡು ಷರತ್ತು ಹಾಕಿದಳು.

“ಯಾರು ಬಂದ್ರೂ ಯಾವಾಗ ಓಗ್ತೀರಿ ಅಂತ ಈ ಮನೇಲಿ ಯಾರೂ ಕೇಳ್ಬಾರ್ದು. ಒಳಕೋಣೆ ನಮ್ಮ ಹೆಣ್ಮಕ್ಕಳಿಗೆ ಬೇಕು ಅಂದಾಗ ಸಿಕ್ಕಬೇಕು. ಅಷ್ಟೇ.”

“ಆಯ್ತು ಅವ್ವ, ಆಯ್ತು” ಎಂದು ಚಿಕ್ಕಪ್ಪ ನಕ್ಕರು. ಎರಡು ಷರತ್ತೂ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ ಎಂದು ಆ ದಿನ ಯಾರಿಗೂ ಹೊಳೆಯಲಿಲ್ಲ. ನನಗಂತೂ ಮನೆಗೆ ಫ್ಯಾನು ಬರುತ್ತದೆ ಎನ್ನುವುದೇ ದೊಡ್ಡ ಸುದ್ದಿ.

ಫ್ಯಾನು ಬಂತು, ಆದರೆ ನಮಗಲ್ಲ. ಮೂರು ತಿಂಗಳಲ್ಲಿ ಮನೆಯ ಮುಂಭಾಗವೆಲ್ಲ ಬದಲಾಯಿತು. ಬಾಗಿಲುಗಳ ಮೇಲೆ ನಂಬರು ಬಿತ್ತು. ಕಾಳು ತುಂಬಿಡುತ್ತಿದ್ದ ಕೋಣೆಗೆ ಕನ್ನಡಿ ಬಂತು. ಒಳಕೋಣೆಗೆ ಅಂಟಿಕೊಂಡಂತೆ ಬಚ್ಚಲು ಇದ್ದದ್ದರಿಂದ ಅದು ಒಂದನೇ ನಂಬರ್ ಆಯಿತು, ಅಲ್ಲಿಗೆ ಕಮೋಡೂ ಬಂತು. ಅಜ್ಜಿ ಅದನ್ನು ನೋಡಿ, ಇಷ್ಟು ಬೆಳ್ಳಗಿನ ಪಿಂಗಾಣಿಯಲ್ಲಿ ಉಪ್ಪಿನಕಾಯಿ ಹಾಕಿಡಬಹುದಿತ್ತು ಎಂದಳು. ರಸ್ತೆಗೆ ಕಾಣುವಂತೆ ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಬೋರ್ಡು. ಅದರಲ್ಲಿ ‘ಹಿಸ್ಟಾರಿಕ್’ ಎಂಬ ಮಾತನ್ನು ಚಿಕ್ಕಪ್ಪ ಯಾರನ್ನೋ ಕೇಳಿ ಬರೆಸಿದ್ದರು. ನಾವು ಹಿಂದಕ್ಕೆ ಸರಿಯುತ್ತಾ ಹೋದೆವು. ಕೊನೆಗೆ ನಮ್ಮ ಪಾಲಿಗೆ ಉಳಿದದ್ದು ಅಡುಗೆಮನೆ, ಅದರ ಪಕ್ಕದ ಉಗ್ರಾಣ, ಹಿತ್ತಲ ಕಡೆಯ ಪಡಸಾಲೆ. ನಾನು ಓದುವುದು ರುಬ್ಬುವ ಕಲ್ಲಿನ ಪಕ್ಕ, ಅಪ್ಪ ಮಲಗುವುದು ಹಸುವಿನ ಹಗ್ಗ ನೇತುಹಾಕಿದ ಗೋಡೆಯ ಕೆಳಗೆ. ನಮ್ಮದೇ ಮನೆಯ ನಡುಮನೆ ದಾಟುವಾಗ ಅವ್ವ ಸೆರಗು ಸರಿಮಾಡಿಕೊಂಡು, ಗೋಡೆ ಹಿಡಿದು ನಡೆಯುತ್ತಿದ್ದಳು. ಬೇರೆಯವರ ಮನೆಯಲ್ಲಿ ನಡೆದ ಹಾಗೆ. ಅದನ್ನು ನೋಡಿದರೆ ನನಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ಗೊತ್ತಾಗುತ್ತಿರಲಿಲ್ಲ. ಬರುವವರು ಮಾತ್ರ ಸುಖವಾಗಿದ್ದರು. ಅಜ್ಜಿ ಪ್ರತಿ ರೂಮಿನ ಬಾಗಿಲಿಗೂ ಒಂದೊಂದು ಚೊಂಬು ನೀರಿಡುತ್ತಿದ್ದಳು. ವ್ಯಾಪಾರದವರು ಎರಡು ದಿನ, ಮೂರು ದಿನ ಇದ್ದು, ಕೈಯಲ್ಲಿ ರೈಲಿನ ಟಿಕೆಟ್ ಹಿಡಿದು ತಾವಾಗಿಯೇ ಓಡುತ್ತಿದ್ದರು. ಕೇಳುವ ಪ್ರಸಂಗವೇ ಬರಲಿಲ್ಲ.

ಒಳಕೋಣೆಯ ವಿಷಯ ಹೇಳಬೇಕು. ಅದರ ನಡುತೊಲೆಯಲ್ಲಿ ಒಂದು ಕಬ್ಬಿಣದ ಕೊಂಡಿ ಇತ್ತು, ಸೀರೆಯ ತೊಟ್ಟಿಲು ಕಟ್ಟಲು. ಅಪ್ಪ, ಚಿಕ್ಕಪ್ಪ, ನನ್ನ ಅಕ್ಕ ಸರಸು, ನಾನು, ಎಲ್ಲರೂ ಆ ಕೋಣೆಯಲ್ಲಿ ಹುಟ್ಟಿ, ಆ ಕೊಂಡಿಯಲ್ಲಿ ತೂಗಿಸಿಕೊಂಡವರು. ಸರಸಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ಕೊಯಮತ್ತೂರಿನ ಪಕ್ಕದ ಕುರಿಚಿಗೆ ಕೊಟ್ಟಿದ್ದರು. ಭಾವ ಅಲ್ಲಿ ಕಬ್ಬಿಣ ಎರಕ ಹೊಯ್ಯುವ ಒಂದು ಫೌಂಡ್ರಿಯಲ್ಲಿ ಕೆಲಸಕ್ಕಿದ್ದರು; ಒಳ್ಳೆಯವರು, ಮಾತು ಕಡಿಮೆ. ಸಾಲು ಮನೆಯಲ್ಲಿ ಎರಡು ಕೋಣೆ, ಒಂದರಲ್ಲಿ ಅತ್ತೆ. ಕಿಟಕಿಯ ಮೇಲೆ ಬೆರಳಾಡಿಸಿದರೆ ಕರಿ ಅಂಟುತ್ತಿತ್ತು. ಅಲ್ಲಿ ಅಕ್ಕನ ಮೊದಲ ಬಸಿರು ಐದನೇ ತಿಂಗಳಿಗೆ ಹೋಯಿತು. ಮತ್ತೆ ನಿಂತಾಗ ಅವಳ ತಲೆಯಲ್ಲಿ ಒಂದೇ ಮಾತು ಕೂತುಬಿಟ್ಟಿತು: ಮಗು ಒಳಕೋಣೆಯಲ್ಲಿ ಹುಟ್ಟಿದರೆ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಏಳನೇ ತಿಂಗಳಲ್ಲಿ ಬಳೆ ತೊಡಿಸುವ ಶಾಸ್ತ್ರಕ್ಕೆ ನಾವೆಲ್ಲ ಕುರಿಚಿಗೆ ಹೋದಾಗ, ಎರಡು ಕೈ ತುಂಬ ಗಾಜಿನ ಬಳೆ ಹಾಕಿಕೊಂಡು ನನ್ನ ಕಿವಿಯಲ್ಲಿ ಹೇಳಿದಳು.

“ಆ ರೂಮಲ್ಲಿ ಹುಟ್ಟಿದ ಒಂದು ಕೂಸೂ ಓಗಿಲ್ಲ ಗೊತ್ತಾ ಕಣ್ಣು. ಅಜ್ಜೀನ ಕೇಳ್ನೋಡು.”

ಕಣ್ಣು, ಅಮ್ಮಿಣಿ ಎನ್ನುವುದು ನಮ್ಮ ಕಡೆ ಹುಡುಗಿಯರನ್ನು ಮುದ್ದಿಗೆ ಕರೆಯುವ ಮಾತು. ಶಾಸ್ತ್ರ ಮುಗಿದು ಒಂಬತ್ತನೇ ದಿನ ಅವಳನ್ನು ಕರೆದುಕೊಂಡು ಬರುವುದೆಂದು ಆಯಿತು. ಆಗ ಒಂದನೇ ನಂಬರಿನಲ್ಲಿ ದತ್ತಾಬಾಬು ಇದ್ದರು. ಕಲ್ಕತ್ತಾದವರು, ಅರವತ್ತು ದಾಟಿದ್ದ ಮನುಷ್ಯ. ಯಾವುದೋ ಏಜೆನ್ಸಿಯ ಪರವಾಗಿ ಬನಿಯನ್‌ಗಳ ಗುಣ ಪರೀಕ್ಷೆ ಮಾಡಲು ಬಂದವರು. ಹತ್ತು ದಿನದ ಕೆಲಸ ಎಂದು ಚಿಕ್ಕಪ್ಪನಿಗೆ ಹೇಳಿದ್ದರು. ಹತ್ತು ಹದಿನೈದಾಯಿತು, ಇಪ್ಪತ್ತಾಯಿತು. ಬೆಳಿಗ್ಗೆ ತಿರುಪ್ಪೂರಿಗೆ ಹೋಗಿ, ಮಧ್ಯಾಹ್ನ ಮಾದರಿ ಬನಿಯನ್‌ಗಳ ಚೀಲ ಹೊತ್ತು ಬರುತ್ತಿದ್ದರು. ಅವನ್ನು ಬಕೆಟ್ಟಿನಲ್ಲಿ ತಾವೇ ಒಗೆದು, ತೊಟ್ಟಿಲ ಕೊಂಡಿಗೆ ಸಾಲಾಗಿ ನೇತುಹಾಕಿ, ಒಣಗಿದ ಮೇಲೆ ಟೇಪು ಹಿಡಿದು ಎಷ್ಟು ಕುಗ್ಗಿತು ಎಂದು ಬರೆದುಕೊಳ್ಳುತ್ತಿದ್ದರು. ಅಂಥ ಸಾಧು ಮನುಷ್ಯನನ್ನು ನಾನು ಆಮೇಲೆ ಕಂಡಿಲ್ಲ. ತಟ್ಟೆಯಲ್ಲಿ ಒಂದು ಅಗುಳು ಬಿಡುತ್ತಿರಲಿಲ್ಲ. ಅಜ್ಜಿಯನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು. ಅವರ ಭಾಷೆ ಅಜ್ಜಿಗೆ ಬಾರದು, ಅಜ್ಜಿಯದು ಅವರಿಗೆ ಬಾರದು. ಆದರೂ ದೋಸೆಯ ಮುಂದೆ ಇಬ್ಬರೂ ಅರ್ಧ ಗಂಟೆ ಮಾತಾಡುತ್ತಿದ್ದರು. ಅಪ್ಪನಿಗೆ ಇಂಗ್ಲಿಷಿನಲ್ಲಿ ಬರುತ್ತಿದ್ದದ್ದು ಎರಡೇ ಮಾತು, ಚಿಕ್ಕಪ್ಪ ಕಲಿಸಿದ್ದು: “ನೋ ಹರ್ರಿ ಸರ್”, “ಸ್ಟೇ ಸರ್.” ದತ್ತಾಬಾಬು ಏನು ಹೇಳಿದರೂ ಅಪ್ಪ ಈ ಎರಡನ್ನೇ ಹಿಂದೆ ಮುಂದೆ ಮಾಡಿ ಹೇಳುತ್ತಿದ್ದರು. ಚಿಕ್ಕಪ್ಪನಿಗೆ ಖಾಯಂ ಗಿರಾಕಿ ಸಿಕ್ಕ ಖುಷಿ. ಅಜ್ಜಿ ದಿನಾ ಬೆಳಿಗ್ಗೆ ಮೊದಲು ಹೋಗಿ ಒಂದನೇ ನಂಬರಿನ ಬಾಗಿಲಲ್ಲಿ ಚೊಂಬು ನೋಡುತ್ತಿದ್ದಳು. ಅದು ನೆಟ್ಟಗೇ ನಿಂತಿರುತ್ತಿತ್ತು.

ಅಕ್ಕ ಬಂದ ದಿನವೂ ನೆಟ್ಟಗೇ ಇತ್ತು. ಅವಳು ಅತ್ತೆಯ ಜೊತೆ ಬಸ್ಸಿಳಿದು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನೇರ ಒಳಕೋಣೆಗೆ ನಡೆದಳು. ಅವ್ವ ಓಡಿಹೋಗಿ ತಡೆದಳು. ಬೀಗ ಹಾಕಿತ್ತು; ಬೀಗದ ಕೈ ದತ್ತಾಬಾಬುಗಳ ಜೇಬಿನಲ್ಲಿ ತಿರುಪ್ಪೂರಿಗೆ ಹೋಗಿತ್ತು. ಉಳಿದ ರೂಮುಗಳಲ್ಲೂ ಗಿರಾಕಿಗಳು. ಉಗ್ರಾಣದಲ್ಲಿ ಜೋಳದ ಮೂಟೆಗಳನ್ನು ಒಂದು ಮೂಲೆಗೆ ತಳ್ಳಿ ಚಾಪೆ ಹಾಸಿದೆವು. ಅಕ್ಕನ ಅತ್ತೆ ಅಲ್ಲೇ ನಿಂತು ಮೂಟೆಗಳನ್ನು ಎಣಿಸುವವಳ ಹಾಗೆ ನೋಡಿದಳು.

“ನಮ್ಮ ಮನೆ ಸಣ್ಣದು ಅಂತ ಇಲ್ಲಿಗೆ ಕಳ್ಸಿದ್ದು” ಎಂದಳು. ಅಷ್ಟೇ. ಒಂದು ಲೋಟ ಮಜ್ಜಿಗೆ ಕುಡಿದು ಮುಂದಿನ ಬಸ್ಸಿಗೆ ಹೊರಟುಹೋದಳು.

ಅಪ್ಪ ಅಕ್ಕನ ತಲೆ ಸವರಿ, “ಎರಡು ದಿನ ಕಣ್ಣು, ಅವರೇ ಓಗ್ತಾರೆ” ಎಂದರು. ಎರಡು ದಿನಕ್ಕೊಮ್ಮೆ ಅದನ್ನೇ ಹೇಳಿದರು. ಬೆಳಿಗ್ಗೆ ಎದ್ದರೆ ಈಗ ಅಜ್ಜಿಯೊಬ್ಬಳೇ ಅಲ್ಲ, ಅಕ್ಕ, ಅವ್ವ, ನಾನು, ನಾಲ್ಕು ಜನವೂ ನಡುಮನೆಯ ಬಾಗಿಲಲ್ಲಿ ನಿಂತು ಆ ಚೊಂಬನ್ನು ನೋಡುವವರೇ. ನಾನು ದೇವರಿಗೆ ಹರಕೆ ಕಟ್ಟಿಕೊಂಡೆ. ಬೆಕ್ಕು ಬಂದು ಬೀಳಿಸಲಿ ಎಂದೂ ಕೇಳಿಕೊಂಡೆ. ಒಂದು ದಿನ ನಾನೇ ಬೋರಲು ಮಾಡಿ ಬರಲೇ ಎಂದು ಅಕ್ಕನನ್ನು ಕೇಳಿದ್ದಕ್ಕೆ ಅವಳು ನಕ್ಕು, ಮಾಡಿದರೆ ನಿನ್ನಜ್ಜಿ ಬುತ್ತಿ ಕಟ್ಟಿಕೊಂಡು ಹೋಗಿ ಅವರ ಮುಂದೆ ನಿಲ್ಲುತ್ತಾಳೆ ಅಷ್ಟೇ ಎಂದಳು. ಆ ಮನುಷ್ಯನಿಗೆ ನಮ್ಮ ಚೊಂಬಿನ ಭಾಷೆ ಗೊತ್ತಿಲ್ಲ ಎನ್ನುವುದು ನಮ್ಮಲ್ಲಿ ಒಬ್ಬರ ತಲೆಗೂ ಹೋಗಲಿಲ್ಲ. ಹುಟ್ಟಿದಾಗಿನಿಂದ ಕಂಡದ್ದು ಲೋಕಕ್ಕೆಲ್ಲ ಗೊತ್ತಿದೆ ಎಂದೇ ನಂಬಿದ್ದೆವು. ಅಡುಗೆಮನೆಯಲ್ಲಿ ಅವ್ವನಿಗೂ ಅಜ್ಜಿಗೂ ದಿನಾ ಜಗಳ. ಜೋರಾಗಿ ಆಡುವಂತಿಲ್ಲ, ಗಿರಾಕಿಗಳಿಗೆ ಕೇಳುತ್ತದೆ. ಇಬ್ಬರೂ ಪಾತ್ರೆ ತೊಳೆಯುತ್ತಾ ಪಿಸುಗುಟ್ಟಿಕೊಂಡೇ ಕಚ್ಚಾಡುತ್ತಿದ್ದರು.

“ಒಂದು ಮಾತು ಕೇಳಿದ್ರೆ ಏನಾಯ್ತದೆ ಅತ್ತೆ? ನಿಮ್ಮ ಮೊಮ್ಮಗಳು ಇಲಿ ಜೊತೆ ಮಲಗವಳೆ.”

“ನಾನು ಅವಳಿಗೆ ಅಜ್ಜಿ ಅಲ್ವಾ? ನಂಗೆ ಉರಿಯೋದಿಲ್ವಾ? ನನ್ನ ರೂಮು ಇದ್ದಿದ್ರೆ ಕೊಟ್ಟಿರ್ತಿದ್ದೆ. ಅದು ಅವರ ರೂಮು ಈಗ. ಉಂಡವರನ್ನ ಏಳಿ ಅನ್ನೋಕೆ ನಂಗೆ ಬಾಯಿ ಬರೋದಿಲ್ಲ ಕಣೆ.”

ಅಜ್ಜಿ ಅಳುತ್ತಿದ್ದಳು. ಅದನ್ನು ನಾನು ಮರೆತಿಲ್ಲ. ಹಟದಿಂದ ಆಡಿದ ಮಾತಲ್ಲ ಅದು. ನಿಜವಾಗಿಯೂ ಅವಳಿಗೆ ಬಾಯಿ ಬರುತ್ತಿರಲಿಲ್ಲ. ಅವ್ವ ಅಪ್ಪನ ಹತ್ತಿರ ಹೋದರೆ ಅಪ್ಪ ಹಸುವಿನ ಹತ್ತಿರ ಹೋಗಿಬಿಡುತ್ತಿದ್ದರು.

ಅಕ್ಕ ಬಂದು ಹನ್ನೊಂದನೇ ದಿನ ಅದು ನಡೆಯಿತು. ಮಧ್ಯಾಹ್ನ, ಬಿಸಿಲು ಸುಡುತ್ತಿತ್ತು. ಉಗ್ರಾಣದ ಸೆಕೆ ತಡೆಯಲಾಗದೆ ಅಕ್ಕ ತಣ್ಣೀರು ಹಾಕಿಕೊಳ್ಳಲು ಎದ್ದು ಬಂದಳು. ಒಂದನೇ ನಂಬರಿನ ಬಾಗಿಲು ತೆರೆದಿತ್ತು; ದತ್ತಾಬಾಬು ಆ ದಿನ ಬೀಗದ ಕೈ ಬಿಟ್ಟುಹೋಗಿದ್ದರು, ಕಸ ಗುಡಿಸುವವಳು ಒರೆಸಿ ಹೋಗಿದ್ದಳು. ಅಕ್ಕ ಒಳಗೆ ಹೋಗಿ ಒಂದು ನಿಮಿಷ ನೆಲದ ಮೇಲೆ ಒರಗಿದ್ದಳಂತೆ, ಕೊಂಡಿಯ ಕೆಳಗೇ, ಹಸಿ ಬನಿಯನ್‌ಗಳ ನೆರಳಿನಲ್ಲಿ. ಹಾಗೇ ನಿದ್ದೆ ಹತ್ತಿಬಿಟ್ಟಿತು. ನಾನು ಸ್ಕೂಲಿನಿಂದ ಬಂದಾಗ ದತ್ತಾಬಾಬು ಚೀಲ ಹೊತ್ತುಕೊಂಡು ತಮ್ಮ ರೂಮಿನ ಹೊರಗೆ ನಿಂತಿದ್ದರು. ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟರು. ಮಗು ಮಲಗಿದೆ, ಸದ್ದು ಮಾಡಬೇಡ ಎನ್ನುವ ಹಾಗೆ. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಅಂಗಿಯೆಲ್ಲ ಬೆವರು. ಅದೇ ಹೊತ್ತಿಗೆ ಚಿಕ್ಕಪ್ಪ ಬಂದರು. ನೋಡಿದರು, ಒಳಗೆ ಇಣುಕಿದರು, ಮುಖ ಕೆಂಪಾಯಿತು.

“ಸರಸೂ! ಏಳು ಮೇಲೆ. ಗಿರಾಕಿ ಬಿಸಿಲಲ್ಲಿ ನಿಂತವ್ರೆ, ನೀನು ಕಾಲು ಚಾಚ್ಕೊಂಡು ಮಲಗಿದ್ಯಾ? ಮಾನ ಹೋಯ್ತದಲ್ಲ!”

ಅಕ್ಕ ಗಾಬರಿಯಿಂದ ಎದ್ದಳು. ಏಳಲು ಗೋಡೆ ಹಿಡಿಯಬೇಕಾಯಿತು. ದತ್ತಾಬಾಬು ಕೈ ಆಡಿಸುತ್ತಾ ನೋ, ನೋ ಎನ್ನುತ್ತಿದ್ದರು. ಅಪ್ಪ ಕಂಬದ ಹತ್ತಿರ ನಿಂತು ಎಲ್ಲವನ್ನೂ ನೋಡಿದರು. ಅಕ್ಕ ಅಪ್ಪನ ಮುಖ ನೋಡಿದಳು. ಈಗಲಾದರೂ ಏನಾದರೂ ಹೇಳುತ್ತಾರೆ ಎಂದು ನಾನೂ ನೋಡಿದೆ. ಅಪ್ಪ ದತ್ತಾಬಾಬುಗಳ ಕಡೆ ತಿರುಗಿ ಹೇಳಿದ್ದು ಇದು:

“ನೋ ಹರ್ರಿ ಸರ್. ಸ್ಟೇ ಸರ್.”

ಅವರಿಗೆ ಬರುತ್ತಿದ್ದದ್ದೇ ಅಷ್ಟು. ದತ್ತಾಬಾಬುಗಳನ್ನು ಸಮಾಧಾನ ಮಾಡಲು ಹಾಗೆಂದರು ಎಂದು ಈಗ ಗೊತ್ತು. ಆಗ ಆ ಮಾತು ಕೇಳಿ ನನಗೆ ಅಪ್ಪನನ್ನು ಹೊಡೆಯಬೇಕು ಅನ್ನಿಸಿತು. ಅಕ್ಕ ಉಗ್ರಾಣಕ್ಕೆ ಹೋಗಿ ಟ್ರಂಕಿಗೆ ಸೀರೆ ತುಂಬತೊಡಗಿದಳು. ಮಾರನೇ ದಿನ ಭಾನುವಾರ, ಅವಳನ್ನು ನೋಡಿಹೋಗಲು ಭಾವ ಬಂದರು. ಇನ್ನು ಎರಡು ದಿನಕ್ಕೆ ಎಂಟನೇ ತಿಂಗಳು ಹುಟ್ಟುತ್ತಿತ್ತು. ಎಂಟರಲ್ಲಿ ಬಸುರಿಯನ್ನು ಮನೆಯಿಂದ ಮನೆಗೆ ಕರೆದೊಯ್ಯುವುದಿಲ್ಲ, ಅದು ನಮ್ಮಲ್ಲಿ ಕಟ್ಟುನಿಟ್ಟು. ಈಗ ಹೋಗದಿದ್ದರೆ ಒಂದು ತಿಂಗಳು ಜೋಳದ ಮೂಟೆಗಳ ಜೊತೆ. ಅವ್ವ ಕಾಲು ಹಿಡಿಯುವುದೊಂದು ಬಾಕಿ. ಅಜ್ಜಿ ಅವಳ ತಲೆಗೆ ಎಣ್ಣೆ ಹಚ್ಚಿ ಹೂ ಮುಡಿಸಿದಳು. ಅಪ್ಪ ಟ್ರಂಕು ಹೊತ್ತು ಬಸ್‌ಸ್ಟಾಪಿನವರೆಗೆ ಬಂದು, “ಒಂಬತ್ತು ಬೀಳ್ತಿದ್ದಂಗೆ ನಾನೇ ಬತ್ತೀನಿ ಕಣ್ಣು, ಅಷ್ಟೊತ್ತಿಗೆ ಖಾಲಿ ಆಗಿರ್ತದೆ” ಎಂದರು. ಅಕ್ಕ ಭಾವನ ಜೊತೆ ಬಸ್ಸು ಹತ್ತಿ, ಕಿಟಕಿಯ ಪಕ್ಕ ಕೂತು, ನನಗೆ ಮಾತ್ರ ಕೈ ಬೀಸಿದಳು.

ಬುಧವಾರ ಬೆಳಿಗ್ಗೆ ದತ್ತಾಬಾಬುಗಳಿಗೆ ಕಾಫಿ ಕೊಡಲು ಅವ್ವ ನನ್ನ ಕೈಯಲ್ಲಿ ಕಳಿಸಿದಳು. ನಾನು ಮೊದಲೇ ಯೋಚಿಸಿಕೊಂಡು ಹೋದವಳಲ್ಲ. ಅವರು ಸ್ಟೂಲಿನ ಮೇಲೆ ನಿಂತು ಆ ಕೊಂಡಿಯಿಂದ ಬನಿಯನ್ ಬಿಚ್ಚುತ್ತಿದ್ದರು. ಅದನ್ನು ನೋಡಿದ್ದೇ ಬಾಯಿ ತಾನಾಗಿ ತೆರೆಯಿತು. ನನ್ನ ಸ್ಕೂಲ್ ಇಂಗ್ಲಿಷಿನಲ್ಲಿ ಕೇಳಿದೆ.

“ಸರ್, ವೆನ್ ಆರ್ ಯು ಗೋಯಿಂಗ್?”

ಅವರು ಸ್ಟೂಲಿನಿಂದ ಮೆಲ್ಲಗೆ ಇಳಿದರು. ನಾನು ಅಳುತ್ತಾ ಎಲ್ಲ ಹೇಳಿದೆ, ಅಕ್ಕ, ಕೂಸು, ತೊಟ್ಟಿಲು, ಉಗ್ರಾಣ. ಅರ್ಧ ಇಂಗ್ಲಿಷು, ಅರ್ಧ ಕೈಸನ್ನೆ. ಅವರು ಮಂಚದ ಅಂಚಿನಲ್ಲಿ ಕೂತು ಕೇಳಿದರು. ಆಮೇಲೆ ಅವರು ಹೇಳಿದ್ದರ ಪೂರ್ತಿ ಅರ್ಥ ನನಗೆ ಆಗಿದ್ದು ದೊಡ್ಡವಳಾದ ಮೇಲೆ.

“ನನ್ನ ಕೆಲಸ ಮುಗಿದು ಹದಿನೈದು ದಿನ ಆಯಿತು ಮಗು. ಪ್ರತಿದಿನ ನಿಮ್ಮಪ್ಪನಿಗೆ ನಾಳೆ ಹೊರಡುತ್ತೇನೆ ಅನ್ನುತ್ತೇನೆ. ಅವರು ಅವಸರವಿಲ್ಲ, ಇರಿ ಅನ್ನುತ್ತಾರೆ. ನಿಮ್ಮಜ್ಜಿ ಇನ್ನೊಂದು ದೋಸೆ ಹಾಕುತ್ತಾರೆ. ಹೋದರೆ ಇವರಿಗೆ ನೋವಾಗುತ್ತದೆ ಅಂತ ಸುಮ್ಮನೆ ಬನಿಯನ್ ತಂದು ಒಗೆಯುತ್ತಾ ಕೂತಿದ್ದೇನೆ. ಯಾರಾದರೂ ಒಂದು ಮಾತು ಕೇಳಬಾರದಿತ್ತಾ?”

ಅರ್ಧ ಗಂಟೆಯಲ್ಲಿ ಅವರ ಪೆಟ್ಟಿಗೆ ಸಿದ್ಧವಾಯಿತು. ಅಡುಗೆಮನೆಯ ಹೊಸಿಲಿನವರೆಗೆ ಬಂದು, ಅಜ್ಜಿಯ ಕಾಲು ಮುಟ್ಟಿ ನಮಸ್ಕಾರ ಮಾಡಿ, ರಸ್ತೆಗಿಳಿದರು. ಅಜ್ಜಿ ಕೈಯಲ್ಲಿ ಸೌಟು ಹಿಡಿದು ನಿಂತೇ ಇದ್ದಳು. ಬುತ್ತಿ ಕಟ್ಟಿರಲಿಲ್ಲ. ಹೋಗಿ ನೋಡಿದರೆ ಚೊಂಬು ನೆಟ್ಟಗೆ, ನೀರು ಹಾಗೇ ಇದೆ. ತಿರುಗಿ ನನ್ನ ಮುಖ ನೋಡಿದಳು. ನನ್ನ ಮುಖದಲ್ಲಿ ಏನು ಕಂಡಳೋ.

“ಕೇಳ್ದಾ ಅಮ್ಮಿಣಿ?”

ಹೂಂ ಎಂದೆ. ಹೊಡೆಯುತ್ತಾಳೆ ಎಂದು ಕಣ್ಣು ಮುಚ್ಚಿಕೊಂಡೆ. ಅಜ್ಜಿ ಹೊಡೆಯಲಿಲ್ಲ, ಬೈಯಲಿಲ್ಲ. ಚೊಂಬಿನ ನೀರನ್ನು ಅಂಗಳಕ್ಕೆ ಚೆಲ್ಲಿ ತಾನೇ ಅದನ್ನು ಬೋರಲು ಇಟ್ಟಳು.

“ಆಗ್ಲಿ ಬುಡು. ಇವತ್ತಿಂದ ಇದು ಲಾಡ್ಜು” ಎಂದಳು.

ಆಮೇಲೆ ಅವಳು ಯಾರ ಬಾಗಿಲಿಗೂ ಚೊಂಬು ಇಡಲಿಲ್ಲ. ತಿಣ್ಣೆಯ ಕಡೆ ಬರುವುದನ್ನೂ ಬಿಟ್ಟಳು. ಕೇಳಿದರೆ ಆಕಾಶವೇನೂ ಬೀಳುವುದಿಲ್ಲ ಎಂದು ಚಿಕ್ಕಪ್ಪನಿಗೆ ಗೊತ್ತಾಯಿತು. ಹನ್ನೆರಡು ಗಂಟೆಗೆ ರೂಮು ಖಾಲಿ ಮಾಡಬೇಕು ಎಂದು ಅಚ್ಚು ಹಾಕಿಸಿ ಪ್ರತಿ ಬಾಗಿಲ ಹಿಂದೆ ಅಂಟಿಸಿದರು. ನನ್ನನ್ನು ಜಾಣೆ ಎಂದು ಹೊಗಳಿದರು. ಅಪ್ಪ ಮಾತ್ರ ಒಂದನೇ ನಂಬರಿಗೆ ಬೀಗ ಹಾಕಿ, ಬೀಗದ ಕೈಯನ್ನು ತಮ್ಮ ಉಡಿದಾರಕ್ಕೆ ಕಟ್ಟಿಕೊಂಡರು. ಚಿಕ್ಕಪ್ಪ ಎಷ್ಟು ಕೇಳಿದರೂ ಕೊಡಲಿಲ್ಲ. ಜೀವಮಾನದಲ್ಲಿ ಅಪ್ಪ ಒಂದು ವಿಷಯಕ್ಕೆ ಅಡ್ಡ ನಿಂತದ್ದನ್ನು ನಾನು ನೋಡಿದ್ದು ಆ ಒಂದೇ ತಿಂಗಳು. ಸುಣ್ಣ ಹೊಡೆಸಿದರು. ಕೊಯಮತ್ತೂರಿನ ಆರ್.ಎಸ್. ಪುರಂವರೆಗೆ ಹೋಗಿ ಒಂದು ದಿಂಬು ತಂದರು, ಬೂರುಗದ ಹತ್ತಿ ತುಂಬಿದ್ದು, ಬಾಣಂತಿಯ ಬೆನ್ನಿಗೆ ಒಳ್ಳೆಯದಂತೆ. ಎಂಟನೇ ತಿಂಗಳು ಮುಗಿಯಲಿ ಎಂದು ಎಲ್ಲರೂ ಕ್ಯಾಲೆಂಡರಿನ ಹಾಳೆ ನೋಡುತ್ತಾ ಕೂತೆವು. ಹೋಗಿ ಕರೆತನ್ನಿ ಎಂದು ಅವ್ವನಿಗೂ ಹೇಳಲು ಧೈರ್ಯವಿಲ್ಲ, ಎಂಟರಲ್ಲಿ ಏನಾದರೂ ಆದರೆ? ಬೆಳಿಗ್ಗೆ ಎದ್ದು ದಾರಿ ನೋಡುವುದನ್ನು ಬಿಟ್ಟರೆ ನಮಗೆ ಮಾಡಲು ಏನೂ ಇರಲಿಲ್ಲ.

ಒಂಬತ್ತು ಬೀಳಲು ನಾಲ್ಕು ದಿನ ಇರುವಾಗ ಕುರಿಚಿಯಿಂದ ಆಳು ಬಂದ. ಹೆಣ್ಣು ಮಗು. ಸ್ವಲ್ಪ ಮುಂಚೆಯೇ ಆಗಿದೆ, ಸಣ್ಣದು, ಆದರೆ ಗಟ್ಟಿಯಾಗಿ ಅಳುತ್ತದೆ. ಅವ್ವ ದೇವರ ಮುಂದೆ ಕುಸಿದು ಕೂತಳು. ಅಪ್ಪ, ಅವ್ವ, ನಾನು ಮೊದಲ ಬಸ್ಸು ಹಿಡಿದೆವು. ಅಜ್ಜಿ ಬರಲಿಲ್ಲ, ಬೆಲ್ಲ ಶುಂಠಿ ಕುಟ್ಟಿ ಡಬ್ಬಿಯಲ್ಲಿ ತುಂಬಿ ಕೊಟ್ಟಳು. ಸಾಲು ಮನೆಯ ಆ ಕೋಣೆಯಲ್ಲಿ ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿದ್ದರು, ಧೂಳು ಬರದಿರಲೆಂದು. ಅವಳ ಅತ್ತೆ ಕಾಲು ಚಾಚಿ ಕೂತು, ಆ ಕಾಲುಗಳ ಮೇಲೆ ಮಗುವನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು, ಎಷ್ಟು ಜೋಪಾನವಾಗಿ ಎಂದರೆ ನನಗೆ ಆಶ್ಚರ್ಯವಾಯಿತು. ಹೊರಗೆ ಫೌಂಡ್ರಿಯ ಸದ್ದು ಗೋಡೆ ಅದುರುವಷ್ಟು. ಮಗು ಅದರ ನಡುವೆಯೇ ಆಕಳಿಸಿತು. ಅಕ್ಕ ನಮ್ಮನ್ನು ನೋಡಿ ನಕ್ಕಳು. ಬನ್ನಿ ಕೂತ್ಕೊಳ್ಳಿ ಎಂದಳು. ಕಾಫಿ ಮಾಡಿಸಿದಳು. ನನ್ನ ಸ್ಕೂಲು ಕೇಳಿದಳು, ಅಜ್ಜಿಯ ಮಂಡಿನೋವು ಕೇಳಿದಳು. ಎಲ್ಲ ಕೇಳಿದಳು, ಅದೊಂದನ್ನು ಬಿಟ್ಟು. ಅಪ್ಪ ಕಾಫಿ ಲೋಟ ಎರಡೂ ಕೈಯಲ್ಲಿ ಹಿಡಿದುಕೊಂಡೇ ಇದ್ದರು, ಕುಡಿಯಲಿಲ್ಲ. ಕೊನೆಗೆ ತಾವೇ ಹೇಳಿದರು.

“ಒಳಕೋಣೆ ಖಾಲಿ ಮಾಡ್ಸಿದೀನಿ ಕಣ್ಣು. ಸುಣ್ಣ ಹೊಡ್ಸಿದೀನಿ. ಬೀಗದ ಕೈ ನನ್ನ ಹತ್ರಾನೇ ಐತೆ. ಹದಿನೈದು ದಿನ ಕಳೀಲಿ, ಬಂದು ಕರ್ಕೊಂಡು ಓಯ್ತೀನಿ. ಬಾಣಂತನ ಅಲ್ಲೇ ಮಾಡ್ಕೊಳ್ಳುವಂತೆ.”

ಅಕ್ಕ ಮಗುವಿನ ಕಡೆ ನೋಡಿದಳು. ಅವಳು ಬೈಯಲಿ ಎಂದು ನಾನು ಕಾದೆ. ಬೈದರೆ ಅಪ್ಪ ಅಳುತ್ತಾರೆ, ಅತ್ತರೆ ಅವಳು ಕರಗುತ್ತಾಳೆ, ಎಲ್ಲ ಸರಿಹೋಗುತ್ತದೆ ಎಂದು ನನ್ನ ಲೆಕ್ಕ. ಅವಳ ದನಿಯಲ್ಲಿ ಸಿಟ್ಟಿನ ಸುಳಿವೇ ಇರಲಿಲ್ಲ.

“ಇಲ್ಲೇ ಚೆನ್ನಾಗಿ ಆಯ್ತಲ್ಲ ಅಪ್ಪ. ಖಾಲಿ ಯಾಕೆ ಇಟ್ಕೊಂಡಿರ್ತೀರಿ? ಯಾರ್ಗಾದ್ರೂ ಬುಡಿ.”

ಅಪ್ಪ ಹಾಗೇ ಮಾಡಿದರು. ಊರಿಗೆ ಬಂದು ಉಡಿದಾರದಿಂದ ಬೀಗದ ಕೈ ಬಿಚ್ಚಿ ಚಿಕ್ಕಪ್ಪನ ಕೈಗೆ ಕೊಟ್ಟರು. ಸೋಮವಾರ ಬೊಂಬಾಯಿಯಿಂದ ಇಬ್ಬರು ಬಂದರು. ಮಂಚಕ್ಕೆ ಬೆಡ್‌ಶೀಟ್ ಹಾಸಿದ್ದು ಅವ್ವ. ಅಕ್ಕನಿಗೆಂದು ತಂದ ದಿಂಬಿಗೆ ಕವರ್ ತೊಡಿಸಿ, ಅವರ ತಲೆಯ ಕಡೆ ಇಟ್ಟು ಬಂದದ್ದು ನಾನು.